ವಿಕಿರಣ ಚಿಕಿತ್ಸೆ ವೇಳೆ ವಿಟಮಿನ್ ಮಾತ್ರೆ: ಶಕ್ತಿಯೋ, ಅಡ್ಡಿಯೋ?

ಕ್ಯಾನ್ಸರ್ ಎಂದು ತಿಳಿದ ಮನೆಗೆ ನೆಂಟರಿಷ್ಟರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಪ್ರೊಟೀನ್ ಪುಡಿ ತಂದರೆ ಇನ್ನೊಬ್ಬರು ಆಂಟಿಆಕ್ಸಿಡೆಂಟ್ ಮಾತ್ರೆಗಳ ಡಬ್ಬಿ ತರುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೋ ತಿರುವನಂತಪುರಕ್ಕೋ ಹೋಗಿ ವಾರಗಟ್ಟಲೆ ವಿಕಿರಣ ಚಿಕಿತ್ಸೆ ಪಡೆಯುವ ಬಡ ರೋಗಿಯೂ ಇವುಗಳಿಗಾಗಿ ಹಣ ಸುರಿಯುತ್ತಾನೆ. 'ಗುಣವಾಗದಿದ್ದರೂ ದೋಷವೇನಿಲ್ಲ' ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯನ್ನೇ ಪ್ರಶ್ನಿಸಬೇಕಾಗಿದೆ.

ವಿಕಿರಣವು ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆದು 'ಫ್ರೀ ರ್‍ಯಾಡಿಕಲ್' ಎಂಬ ಚುರುಕಿನ ಕಣಗಳನ್ನು ಹುಟ್ಟಿಸುತ್ತದೆ. ಕ್ಯಾನ್ಸರ್ ಕೋಶದ ಡಿಎನ್‌ಎಗೆ ಪೆಟ್ಟು ಕೊಡುವುದರಲ್ಲಿ ಇವುಗಳದು ದೊಡ್ಡ ಪಾಲು. ಆಂಟಿಆಕ್ಸಿಡೆಂಟ್‌ಗಳ ಕೆಲಸವೆಂದರೆ ಇದೇ ಕಣಗಳನ್ನು ತಣ್ಣಗಾಗಿಸುವುದು. ಆರೋಗ್ಯವಂತ ಕೋಶಕ್ಕೆ ಸಿಗುವ ಈ ರಕ್ಷಣೆ ಗಡ್ಡೆಗೂ ಸಿಕ್ಕಿದರೆ?

ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ಆರಂಭದ ಹಂತದಲ್ಲಿದ್ದ 540 ರೋಗಿಗಳ ಮೇಲೆ ನಡೆದ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ಒಂದು ಗುಂಪಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಹಾಗೂ ಬೀಟಾ ಕ್ಯಾರೋಟಿನ್, ಇನ್ನೊಂದು ಗುಂಪಿಗೆ ಔಷಧವಿಲ್ಲದ ಮಾತ್ರೆ. ಧೂಮಪಾನಿಗಳಲ್ಲಿ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರನ್ನು ಹೆಚ್ಚಿಸುತ್ತದೆಂದು ಬೇರೆ ಅಧ್ಯಯನಗಳು ತೋರಿಸಿದ್ದರಿಂದ ಅದನ್ನು ನಡುವೆಯೇ ಕೈಬಿಡಲಾಯಿತು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಮಾತ್ರೆ ತೆಗೆದುಕೊಂಡವರಲ್ಲಿ ವಿಕಿರಣದ ತೀವ್ರ ಅಡ್ಡಪರಿಣಾಮ ಕಡಿಮೆಯಿತ್ತು. ಆದರೆ ಮಾತ್ರೆ ಪಡೆದ ಗುಂಪಿನಲ್ಲಿ ರೋಗ ಮರುಕಳಿಸುವ ಪ್ರವೃತ್ತಿ ಹೆಚ್ಚಾಗಿ ಕಂಡಿತು. ಮುಂದೆ 2006ರ ವರದಿಯಲ್ಲಿ ಈ ಗುಂಪಿನ ಸಾವಿನ ಪ್ರಮಾಣವೂ ಹೆಚ್ಚೆಂದು ತಿಳಿಯಿತು. ಚಿಕಿತ್ಸೆಯ ದಿನಗಳಲ್ಲೂ ಧೂಮಪಾನ ಬಿಡದವರಿಗೇ ಹೆಚ್ಚು ಹಾನಿಯಾಗಿತ್ತೆಂದು 2008ರ ವಿಶ್ಲೇಷಣೆ ಹೇಳಿತು.

ಒಂದೇ ಪ್ರಯೋಗದಿಂದ ಎಲ್ಲ ಮಾತ್ರೆಗಳೂ ವಿಷವೆಂದು ಹೇಳಲಾಗದು. ಆದರೆ ಗಮನಿಸಬೇಕಾದುದು ಬೇರೆ. ಬಾಯಿಹುಣ್ಣು ಕಡಿಮೆಯಾದಾಗ ರೋಗಿಗೆ 'ಮದ್ದು ತಾಗಿತು' ಅನಿಸುತ್ತದೆ. ಗಡ್ಡೆಗೂ ಅಷ್ಟೇ ಉಪಕಾರವಾಗಿದ್ದರೆ ಅದು ತಿಳಿಯುವುದು ವರ್ಷಗಳ ಬಳಿಕ. ಹೊಗೆಸೊಪ್ಪು ಹಾಕಿ ಎಲೆಯಡಿಕೆ ತಿನ್ನುವ ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಸಾಮಾನ್ಯ. ಹೀಗಾಗಿ ಇದು ದೂರದ ಕೆನಡಾದ ಸುದ್ದಿಯಲ್ಲ.

ಕಾನೂನಿನ ಪ್ರಕಾರ ಪೂರಕ ಆಹಾರಗಳು ಔಷಧಗಳಲ್ಲ. ರೋಗ ಗುಣಪಡಿಸುತ್ತದೆಂದು ಹೇಳಿ ಅವುಗಳನ್ನು ಮಾರುವಂತಿಲ್ಲ. ಔಷಧವಾಗಿ ಬಳಸಲು ಅಲ್ಲ ಎಂದು ಡಬ್ಬಿಯ ಮೇಲೆ ಮುದ್ರಿಸಬೇಕೆಂಬ ನಿಯಮವಿದೆ. ಆದರೆ ಸಣ್ಣ ಅಕ್ಷರದ ಇಂಗ್ಲಿಷ್ ಎಷ್ಟು ಮಂದಿಗೆ ಓದಲು ಬರುತ್ತದೆ?

ಹಾಗೆಂದು ರೋಗಿ ಉಪವಾಸ ಬೀಳಬಾರದು. ಗಂಟಲು ಉರಿದು ನುಂಗಲಾಗದೆ ತೂಕ ಇಳಿದರೆ ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲಬಹುದು. ಮೆತ್ತಗಿನ ಗಂಜಿ, ಬೇಳೆ, ಮೊಟ್ಟೆ, ಹಣ್ಣುಗಳು ಬೇಕೇ ಬೇಕು. ಊಟದಲ್ಲಿರುವ ವಿಟಮಿನ್‌ಗೂ ಅಗತ್ಯದ ಹತ್ತು ಪಟ್ಟಿಗಿಂತ ಹೆಚ್ಚು ತುಂಬಿದ ಮಾತ್ರೆಗೂ ಅಂತರವಿದೆ. ಪ್ರೊಟೀನ್ ಪುಡಿ ಬೇಕೋ ಬೇಡವೋ ಎಂಬುದನ್ನು ಆಹಾರ ತಜ್ಞರು ಹೇಳಲಿ. ರಕ್ತಹೀನತೆ ಮುಂತಾದ ಕೊರತೆಗೆ ವೈದ್ಯರೇ ಬರೆದುಕೊಟ್ಟ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಬೈಯುತ್ತಾರೆಂಬ ಭಯದಿಂದ ಅನೇಕರು ಡಬ್ಬಿಯ ವಿಷಯವನ್ನು ವೈದ್ಯರಲ್ಲಿ ಮುಚ್ಚಿಡುತ್ತಾರೆ. ತಿಳಿಯುವ ಭಾಷೆಯಲ್ಲಿ ಕೇಳುವ ಹೊಣೆ ಆಸ್ಪತ್ರೆಯದೂ ಹೌದು. ಮೊದಲ ದಿನವೇ ಮನೆಯಲ್ಲಿರುವ ಎಲ್ಲ ಡಬ್ಬಿ, ಪುಡಿ, ಕಷಾಯಗಳನ್ನು ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲಿಡುವುದು ಎಲ್ಲಕ್ಕಿಂತ ಸುಲಭದ ದಾರಿ.