ವಾಗ್ಳೆ ಎಸ್ಟೇಟ್ ನಾಲಾಗಳಿಗೆ ಯಾರ ಹಣ?

ಥಾಣೆ: ಮಳೆಗಾಲ ಸಮೀಪಿಸಿದಂತೆ ವಾಗ್ಳೆ ಎಸ್ಟೇಟ್ ಪರಿಸರದಲ್ಲಿ ನಾಲಾ ಸ್ವಚ್ಛತೆಯ ಮಾತು ಏಳುವುದು ವಾಡಿಕೆ. ಮೇ ತಿಂಗಳಲ್ಲಿ ಹೂಳೆತ್ತುವ ಯಂತ್ರ ಬರುತ್ತದೆ, ಪರಿಶೀಲನೆ ನಡೆಯುತ್ತದೆ, ಜುಲೈ ಬಂದರೆ ತಗ್ಗಿನ ಗಾಲಾಗಳಿಗೆ ನೀರು ನುಗ್ಗುವ ಭಯ. ಇಲ್ಲಿ ವರ್ಕ್‌ಶಾಪ್, ಕ್ಯಾಂಟೀನ್, ಹೊಟೇಲು ನಡೆಸುತ್ತಿರುವ ತುಳು-ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೂಳೆತ್ತುವುದು ಪ್ರತಿವರ್ಷದ ಖರ್ಚು. ನೆರೆ ತಡೆಗೆ ಬೇಕಾದದ್ದು ಬಂಡವಾಳ. ಅದನ್ನು ಹಾಕಲು ಮನಪಾ ಮೊದಲು ಮುಂದೆ ಬಾರದಿದ್ದರೆ ಬೇರೆ ಯಾರೂ ಬರುವುದಿಲ್ಲ ಎಂಬುದಕ್ಕೆ ಕಳೆದ ಎರಡು ದಶಕಗಳ ಲೆಕ್ಕವೇ ಸಾಕ್ಷಿ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮುಂಬಯಿಯ ಚರಂಡಿ ವ್ಯವಸ್ಥೆಯ ಸುಧಾರಣೆಗೆ 1993ರಲ್ಲೇ ಸಿದ್ಧವಾಗಿದ್ದ ಬ್ರಿಮ್‌ಸ್ಟೊವಾಡ್ ವರದಿಗೆ ಜೀವ ಬಂದದ್ದು ಆ ಬಳಿಕವೇ. 2007ರಲ್ಲಿ ಕೇಂದ್ರವು ಅದಕ್ಕೆ 1,200 ಕೋಟಿ ರೂ. ಮಂಜೂರು ಮಾಡಿತು. ಥಾಣೆಗೆ ಅಂಥ ಭಾಗ್ಯ ಒದಗಲಿಲ್ಲ. ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯಡಿ ಕೇಂದ್ರದ್ದು ಶೇ. 35, ರಾಜ್ಯದ್ದು ಶೇ. 15, ಉಳಿದ ಅರ್ಧ ಮನಪಾದ್ದು. ಆ ಅರ್ಧದ ಹೊಣೆ ಹೊರಲು ಮನಪಾ ಒಪ್ಪಿದ್ದರಿಂದಲೇ ಥಾಣೆಯ ನಾಲಾ ಅಭಿವೃದ್ಧಿ ಯೋಜನೆ ಕಾಗದದಿಂದ ಹೊರಬಂದಿತು. 2014ಕ್ಕೆ ಆ ಯೋಜನೆಯೂ ಮುಗಿಯಿತು.

ಆಮೇಲೆ ಬಂದದ್ದು 15ನೇ ಹಣಕಾಸು ಆಯೋಗ. ನಗರ ನೆರೆ ತಡೆಗೆಂದು ಅದು ಏಳು ಮಹಾನಗರಗಳನ್ನು ಆರಿಸಿ ಮುಂಬಯಿ, ಚೆನ್ನೈ, ಕೋಲ್ಕತಾಗಳಿಗೆ ತಲಾ 500 ಕೋಟಿ ರೂ., ಬೆಂಗಳೂರು ಸಹಿತ ನಾಲ್ಕು ನಗರಗಳಿಗೆ ತಲಾ 250 ಕೋಟಿ ರೂ. ಶಿಫಾರಸು ಮಾಡಿತು. ಮುಲುಂಡ್ ಚೆಕ್ ನಾಕಾದ ಆಚೆಗಿನ ಮಳೆಗೆ 500 ಕೋಟಿ, ಈಚೆಗಿನ ಮಳೆಗೆ ಆ ನಿಧಿಯಿಂದ ಸೊನ್ನೆ! 2025ರಲ್ಲಿ ಒಪ್ಪಿಗೆ ಪಡೆದ ಎರಡನೇ ಹಂತದ 11 ನಗರಗಳಲ್ಲೂ ಥಾಣೆಯ ಹೆಸರಿಲ್ಲ.

ಹಣವೊಂದೇ ಅಡ್ಡಿ ಎನ್ನುವಂತೆಯೂ ಇಲ್ಲ. ಯೇವೂರು ಬೆಟ್ಟದ ಕಡೆಯಿಂದ ಇಳಿಯುವ ನೀರು ಪೂರ್ವಕ್ಕೆ ಹರಿದು ಥಾಣೆ ಖಾಡಿ ಸೇರಬೇಕು. ಬೆಟ್ಟ ಅರಣ್ಯ ಇಲಾಖೆಯದ್ದು, ಎಸ್ಟೇಟ್ ಎಂಐಡಿಸಿ ಕಟ್ಟಿದ್ದು, ನಾಲಾ ಮನಪಾದ್ದು, ಹಳಿಯಡಿಯ ಮೋರಿ ರೈಲ್ವೆಯದ್ದು. ಮೇಲೆ ನಾಲಾವನ್ನು ಎಷ್ಟೇ ಅಗಲ ಮಾಡಿದರೂ ಕೆಳಗಿನ ಮೋರಿ ಕಿರಿದಾಗಿದ್ದರೆ ನೀರು ಹಿಂದಕ್ಕೇ ಬರುತ್ತದೆ. ಖಾಡಿಯಲ್ಲಿ ಭರತ ಇದ್ದರಂತೂ ಹೇಳುವುದೇ ಬೇಡ. ನವಿಮುಂಬಯಿಯಲ್ಲಿ ಸಿಡ್ಕೊ ನಗರ ಕಟ್ಟುವಾಗಲೇ ಭರತದ ವೇಳೆ ಮಳೆನೀರು ತಂಗುವ ಹೊಂಡಗಳನ್ನು ನಿರ್ಮಿಸಿತು. ಅವುಗಳಲ್ಲೂ ಹೂಳು, ಕಾಂಡ್ಲಾ ಗಿಡ ತುಂಬಿದ ಸಮಸ್ಯೆಯಿದೆ, ಆದರೆ ಜಾಗವಾದರೂ ಉಳಿದಿದೆ. ವಾಗ್ಳೆ ಎಸ್ಟೇಟ್‌ನಲ್ಲಿ ಅಷ್ಟು ಖಾಲಿ ಜಾಗ ಎಲ್ಲಿದೆ? ರೈಲಾದೇವಿ ಕೆರೆಯ ಸುತ್ತಲೂ ಕಟ್ಟಡಗಳು.

ಇನ್ನೊಂದು ವಿಷಯವನ್ನು ಮರೆಮಾಚಬಾರದು. ನಾಲಾ ಅಗಲಗೊಳಿಸುವುದೆಂದರೆ ಅದರ ದಂಡೆಯ ಚಾಳು, ಜೋಪಡಿಗಳನ್ನು ತೆರವುಗೊಳಿಸುವುದು. ಅಲ್ಲಿ ವಾಸಿಸುವವರ ಪುನರ್ವಸತಿಯ ವೆಚ್ಚವನ್ನು ಯೋಜನೆಯಲ್ಲೇ ಸೇರಿಸದಿದ್ದರೆ, ಗಾಲಾ ಉಳಿಸಲು ಬಡವರ ಮನೆ ಒಡೆದಂತಾಗುತ್ತದೆ. ಕೆಲಸವೂ ನ್ಯಾಯಾಲಯದಲ್ಲಿ ನಿಲ್ಲಬಹುದು.

2022ರ ಮಾರ್ಚ್‌ನಿಂದ ಸುಮಾರು ನಾಲ್ಕು ವರ್ಷ ಥಾಣೆ ಮನಪಾದಲ್ಲಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯದ್ದೇ ಬಜೆಟ್. 2026ರ ಜನವರಿಯಲ್ಲಿ ಚುನಾವಣೆ ನಡೆದು ಮತ್ತೆ ಸಭೆ ಕೂಡಿದೆ. 2019ರಿಂದ ನಗರಾಭಿವೃದ್ಧಿ ಸಚಿವರಾಗಿ, ಬಳಿಕ 2024ರ ವರೆಗೆ ಮುಖ್ಯಮಂತ್ರಿಯಾಗಿದ್ದ ಏಕನಾಥ ಶಿಂಧೆ ಅವರು ಶಾಖಾ ಪ್ರಮುಖರಾಗಿ ರಾಜಕೀಯ ಆರಂಭಿಸಿದ್ದು ಇದೇ ಕಿಸನ್ ನಗರದಲ್ಲಿ. ರಾಜ್ಯದ ಪಾಲು ಕೇಳಲು ಇದಕ್ಕಿಂತ ಹತ್ತಿರದ ಬಾಗಿಲು ಬೇರೆ ಊರಿಗೆ ಸಿಗಲಾರದು. ಆದರೆ ವಿವರವಾದ ಯೋಜನಾ ವರದಿ, ತನ್ನ ಪಾಲಿನ ಮೊತ್ತ, ಇವೆರಡನ್ನೂ ಕೈಯಲ್ಲಿ ಹಿಡಿದು ಮನಪಾ ಹೋಗಬೇಕು.

ನಮ್ಮ ಸಂಘ-ಸಂಸ್ಥೆಗಳು ಸಾಮಾನ್ಯವಾಗಿ ಮನವಿ ಕೊಡುವುದು ನೀರು ನುಗ್ಗಿದ ಮೇಲೆ. ಜುಲೈಯ ಮನವಿಗೆ ಸಿಗುವುದು ಪಂಪು ಮಾತ್ರ. ಮನಪಾ ಬಜೆಟ್‌ನ ಸಿದ್ಧತೆ ನಡೆಯುವುದು ಚಳಿಗಾಲದಲ್ಲಿ. ತಮ್ಮ ಪ್ರಭಾಗದ ಯಾವ ನಾಲಾ, ಎಷ್ಟು ಅಗಲ, ಯಾವ ಶೀರ್ಷಿಕೆಯಡಿ ಎಷ್ಟು ಮೊತ್ತ, ಮೋರಿಯ ಬಗ್ಗೆ ರೈಲ್ವೆಗೆ ಪತ್ರ ಹೋಗಿದೆಯೇ ಎಂದು ಆಸ್ತಿ ತೆರಿಗೆಯ ರಸೀದಿ ಹಿಡಿದು ನಗರಸೇವಕರನ್ನು ಕೇಳಬೇಕಾದದ್ದು ಆಗ.