ಕೊಳ್ಳುವ ಆಸೆ ಹೋಯಿತು, ಶೇವಿಂಗ್ ಖುಷಿ ಉಳಿಯಿತು: ಇದು ‘ಡೋಪಮೈನ್ ಕೊರತೆ’ಯೇ?

ಹನುಮಂತನಗರದ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ಅದರ ಕೆಳಗೆ ತಮ್ಮದೊಂದು ಪ್ರಶ್ನೆಯನ್ನೂ ಬರೆದಿದ್ದರು. ಫಾರ್ವರ್ಡ್ ಹಳೆಯ ಧಾಟಿಯದೇ. ಡೋಪಮೈನ್ ಸಂತೋಷದ ಹಾರ್ಮೋನ್, ಮೊದಲು ಆಸೆಪಟ್ಟು ಕೊಳ್ಳುತ್ತಿದ್ದ ವಸ್ತುಗಳು ಈಗ ಬೇಡವೆನಿಸಿದರೆ ಮೆದುಳಿನಲ್ಲಿ ಅದು ಕಡಿಮೆಯಾಗಿದೆ ಎಂದರ್ಥ, ದಿನಾ ಬಾಳೆಹಣ್ಣು ತಿನ್ನಿ, ತಣ್ಣೀರು ಸ್ನಾನ ಮಾಡಿ, ಹತ್ತು ಜನರಿಗೆ ಕಳಿಸಿ. ಪ್ರಶ್ನೆ ಮಾತ್ರ ನಮಗೆ ಹೊಸದಾಗಿತ್ತು.

2020ರ ಲಾಕ್‌ಡೌನ್‌ನಲ್ಲಿ ಸಲೂನುಗಳು ಮುಚ್ಚಿದಾಗ ಇವರು ಅಟ್ಟದ ಮೇಲಿನ ಟ್ರಂಕಿನಿಂದ ತಂದೆಯವರ ಹಳೆಯ ಸೇಫ್ಟಿ ರೇಜರ್ ಇಳಿಸಿದರಂತೆ. ಹಿಡಿಯ ತುದಿ ತಿರುಗಿಸಿದರೆ ಮೇಲೆ ಎರಡು ರೆಕ್ಕೆ ತೆರೆದುಕೊಳ್ಳುತ್ತವಲ್ಲ, ನಡುವೆ ಎರಡು ಅಂಚಿನ ಬ್ಲೇಡ್ ಇಡುವುದು, ಆ ಮಾದರಿ. ಮೊದಲ ವಾರ ಗದ್ದವೆಲ್ಲ ಗಾಯ. ಎರಡನೇ ತಿಂಗಳಿಗೆ ಕೈ ಹದಕ್ಕೆ ಬಂತು, ಖುಷಿ ಶುರುವಾಯಿತು. ಅದರ ಹಿಂದೆಯೇ ಖರೀದಿಯೂ. ಎರಡು ವರ್ಷದಲ್ಲಿ ಹನ್ನೊಂದು ರೇಜರ್, ಆರು ಬ್ರಶ್, ನೊರೆ ಕಲಸಲು ಬಟ್ಟಲುಗಳು, ಗಂಧದಿಂದ ಹಿಡಿದು ನಿಂಬೆಯವರೆಗಿನ ಸೋಪುಗಳು, ಊರೂರಿನ ಬ್ಲೇಡುಗಳು. ಗೀಸರಿನ ಕೆಳಗಿನ ಶೆಲ್ಫ್ ಸಾಲದೆ ಕನ್ನಡಿ ಬೀರುವೂ ತುಂಬಿತು. ಮನೆಯವರ ಪ್ರಶ್ನೆ ಒಂದೇ: “ಇರೋದು ಒಂದು ಮುಖ, ಅದಕ್ಕೆಷ್ಟು ರೇಜರ್ ಬೇಕ್ರೀ?”

ಈಗ ಒಂದು ವರ್ಷದಿಂದ ಅದೆಲ್ಲ ತಾನಾಗಿಯೇ ನಿಂತಿದೆ. ಹೊಸ ರೇಜರಿನ ಚಿತ್ರ ಕಂಡರೂ ಬೆರಳು ಮುಂದಕ್ಕೆ ಸರಿಯುತ್ತದೆ. ಆದರೆ ಬೆಳಗಿನ ಆ ಹತ್ತು ನಿಮಿಷ, ಬಿಸಿನೀರು, ಬ್ರಶ್ಶಿನ ನೊರೆ, ಬ್ಲೇಡು ಗಡ್ಡ ಕೊಯ್ಯುವ ಸಣ್ಣ ಸದ್ದು, ಎಲ್ಲವೂ ಮೊದಲಿನಷ್ಟೇ ಹಿತವಾಗಿವೆ. ಖುಷಿ ಇದೆ, ಆಸೆ ಇಲ್ಲ, ಫಾರ್ವರ್ಡ್ ಓದಿದ ಮೇಲೆ ಭಯವಾಗುತ್ತಿದೆ ಎಂದು ಬರೆದಿದ್ದರು.

ಚಿಕ್ಕ ಉತ್ತರ: ಭಯ ಬೇಡ. ದೊಡ್ಡ ಉತ್ತರಕ್ಕೆ ಸ್ವಲ್ಪ ಇಲಿಗಳ ಹತ್ತಿರ ಹೋಗಬೇಕು.

ಬೇಕೆನಿಸುವುದು ಬೇರೆ, ಹಿಡಿಸುವುದು ಬೇರೆ

ಡೋಪಮೈನ್ ಎಂದರೆ ಸುಖ ಎಂಬ ಮಾತು ಪೂರ್ತಿ ಕಟ್ಟುಕಥೆಯಲ್ಲ. 1980ರ ದಶಕದವರೆಗೆ ಅನೇಕ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗಿಟ್ಟರು. ಇಲಿಯ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಅದು ತುಟಿ ಚಪ್ಪರಿಸುತ್ತದೆ, ಕಹಿ ಬಿಟ್ಟರೆ ತಲೆ ಕೊಡವುತ್ತದೆ. ನಮ್ಮ ಹಸುಗೂಸುಗಳ ಮುಖದಲ್ಲೂ ಇಂಥದ್ದೇ ಭಾವ ಕಾಣುತ್ತದೆ. ಸಂಶೋಧಕರು ಕೆಲವು ಇಲಿಗಳ ಮೆದುಳಿನಲ್ಲಿ ಡೋಪಮೈನ್ ಹೆಚ್ಚುಕಡಿಮೆ ಇಲ್ಲವಾಗುವಂತೆ ಮಾಡಿದರು. ಆ ಇಲಿಗಳು ಪಕ್ಕದಲ್ಲೇ ಇದ್ದ ಆಹಾರವನ್ನೂ ಮುಟ್ಟಲಿಲ್ಲ. ನಳಿಗೆಯಲ್ಲಿ ಉಣಿಸದಿದ್ದರೆ ಹಸಿದೇ ಸಾಯುವ ಸ್ಥಿತಿ. ಹಾಗಿದ್ದರೂ ಸಕ್ಕರೆ ನೀರನ್ನು ನಾಲಿಗೆಗೆ ತೊಟ್ಟಿಕ್ಕಿಸಿದಾಗ ಮೊದಲಿನಂತೆಯೇ ಚಪ್ಪರಿಸಿದವು! 1989ರಲ್ಲಿ ಇದು ಪ್ರಕಟವಾಯಿತು. ರುಚಿ ಹಿಡಿಸುತ್ತಿತ್ತು, ಅದನ್ನು ಅರಸಿ ಹೋಗಬೇಕೆಂಬ ಒತ್ತಾಯ ಮಾತ್ರ ಇರಲಿಲ್ಲ.

ಅಂದರೆ ‘ಬೇಕು’ ಎನ್ನಿಸುವುದಕ್ಕೂ ‘ಹಿಡಿಸಿತು’ ಎನ್ನಿಸುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಏರ್ಪಾಡುಗಳಿವೆ. ಡೋಪಮೈನ್ ಹೆಚ್ಚಾಗಿ ಮೊದಲನೆಯದರ ಕಡೆಯದು. 1993ರಲ್ಲಿ ಬೆರಿಜ್ ಮತ್ತು ಟೆರಿ ರಾಬಿನ್ಸನ್ ಇದೇ ಎಳೆಯಿಂದ ಚಟವನ್ನು ವಿವರಿಸಿದರು. ಚಟದಲ್ಲಿ ‘ಬೇಕು’ ಬೆಳೆಯುತ್ತಲೇ ಹೋಗುತ್ತದೆ, ಸುಖ ಅದರ ಜೊತೆ ಬೆಳೆಯಲೇಬೇಕೆಂದಿಲ್ಲ. ಬೀಡಿ ಈಗ ರುಚಿಸುವುದೇ ಇಲ್ಲ ಎನ್ನುತ್ತಲೇ ಮುಂದಿನದನ್ನು ಹಚ್ಚುವವರನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ಓದುಗರದು ಇದರ ತಿರುಗುಮುರುಗು. ‘ಬೇಕು’ ಇಳಿದಿದೆ, ‘ಹಿಡಿಸುವುದು’ ಹಾಗೇ ಇದೆ.

ಇಲಿಯ ಮಾತು ಮನುಷ್ಯರಿಗೂ ಸಲ್ಲುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದೇ. ಅದಕ್ಕೊಂದು ಸಾಕ್ಷಿ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯಲ್ಲಿದೆ. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ನಶಿಸುವುದರಿಂದ ಬರುವ ಕಾಯಿಲೆ ಅದು. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಕೆಲವು ಮಾತ್ರೆಗಳು ಡೋಪಮೈನ್ ಮಾಡುವ ಕೆಲಸವನ್ನೇ ಅನುಕರಿಸುತ್ತವೆ. ಫಾರ್ವರ್ಡ್ ಹೇಳುವುದು ನಿಜವಾಗಿದ್ದರೆ ಇವನ್ನು ನುಂಗಿದವರು ಸುಮ್ಮನೆ ಸಂತೋಷವಾಗಿರಬೇಕಿತ್ತು. ನಡೆಯುವುದು ಬೇರೆ: ಇವರಲ್ಲಿ ಕೆಲವರಿಗೆ ತಡೆಯಲಾಗದ ಖರೀದಿ, ಜೂಜು, ಅತಿಯಾಗಿ ತಿನ್ನುವುದು ಶುರುವಾಗುತ್ತದೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 5.7 ಮಂದಿಯಲ್ಲಿ ಹತೋಟಿ ತಪ್ಪಿದ ಖರೀದಿ ಕಂಡುಬಂದಿತ್ತು. ಇಂಥ ತೊಂದರೆಗಳು ಈ ಗುಂಪಿನ ಔಷಧ ತೆಗೆದುಕೊಳ್ಳುವವರಲ್ಲಿ ಹೆಚ್ಚಾಗಿದ್ದವು. ಮನೆಯಲ್ಲಿ ಪಾರ್ಕಿನ್ಸನ್ ಔಷಧ ತೆಗೆದುಕೊಳ್ಳುವ ಹಿರಿಯರು ಇದ್ದಕ್ಕಿದ್ದಂತೆ ಕಂಡಕಂಡದ್ದನ್ನು ತರಿಸತೊಡಗಿದರೆ ‘ವಯಸ್ಸಾಯಿತು’ ಎಂದು ಗದರಬೇಡಿ, ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ. ನರರೋಗ ತಜ್ಞರಿಗೆ ತಿಳಿಸಿ, ಪ್ರಮಾಣ ಅಥವಾ ಔಷಧ ಬದಲಾಯಿಸುವುದು ಅವರ ಕೆಲಸ.

ಅಂದಹಾಗೆ, ಬಾಳೆಹಣ್ಣಿನಲ್ಲಿ ಡೋಪಮೈನ್ ಇರುವುದು ನಿಜ. ಆದರೆ ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಒಂದು ತಡೆಯಿದೆ, ತಿಂದ ಡೋಪಮೈನ್ ಅದನ್ನು ದಾಟುವುದಿಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ನೇರವಾಗಿ ಡೋಪಮೈನ್ ಕೊಡದೆ, ತಡೆ ದಾಟಬಲ್ಲ ಲೆವೊಡೋಪಾ ಕೊಡುವುದು ಇದೇ ಕಾರಣಕ್ಕೆ. ಬಾಳೆಹಣ್ಣು ತಿನ್ನಿ, ಹೊಟ್ಟೆಗೆ ಒಳ್ಳೆಯದು.

ಕೊರಿಯರ್ ಬರುವವರೆಗಿನ ಸುಖ

ಹಾಗಾದರೆ ಮೊದಲಿದ್ದ ಆಸೆ ಹೋದದ್ದೇಕೆ? ವುಲ್ಫ್ರಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇಲ್ಲಿ ನೆರವಿಗೆ ಬರುತ್ತವೆ. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋತಿಯ ಡೋಪಮೈನ್ ಕೋಶಗಳು ಚುರುಕಾದವು. ರಸಕ್ಕೆ ಮೊದಲು ಪ್ರತಿಸಲ ಒಂದು ಸೂಚನೆ ಕೊಟ್ಟು ರೂಢಿ ಮಾಡಿಸಿದ ಮೇಲೆ ಆ ಚುರುಕು ಸೂಚನೆಗೆ ವರ್ಗವಾಯಿತು, ರಸ ಬಂದಾಗ ವಿಶೇಷವೇನೂ ಇಲ್ಲ. ಸೂಚನೆ ಕೊಟ್ಟೂ ರಸ ಕೊಡದಿದ್ದರೆ ಕೋಶಗಳ ಚಟುವಟಿಕೆ ಕುಸಿಯಿತು. ಈ ಕೋಶಗಳು ಅಳೆಯುವುದು ಸುಖವನ್ನಲ್ಲ, ನಿರೀಕ್ಷೆಗೂ ವಾಸ್ತವಕ್ಕೂ ಇರುವ ಅಂತರವನ್ನು.

ಆರ್ಡರ್ ಹಾಕಿದ ದಿನದಿಂದ ಪಾರ್ಸೆಲ್ ಎಲ್ಲಿಗೆ ಬಂತೆಂದು ಗಂಟೆಗೊಮ್ಮೆ ಮೊಬೈಲ್ ನೋಡುವುದು, ಬೆಲ್ ಆದಾಗ ಓಡುವುದು, ಬಿಚ್ಚಿದ ಸಂಜೆಗೆಲ್ಲ ಮುಂದಿನದನ್ನು ಹುಡುಕುವುದು. ಆ ಕೋತಿಯ ನೆನಪಾಗದೆ ಇರದು. ಹತ್ತು ರೇಜರ್ ಬಳಸಿದವರಿಗೆ ಹನ್ನೊಂದನೆಯದು ಹೇಗಿರುತ್ತದೆಂದು ಡಬ್ಬಿ ತೆರೆಯುವ ಮೊದಲೇ ಹೆಚ್ಚುಕಡಿಮೆ ಗೊತ್ತಿರುತ್ತದೆ. ಅಚ್ಚರಿಯೇ ಇಲ್ಲದ ಮೇಲೆ ಎಳೆತ ಎಲ್ಲಿಂದ ಬರಬೇಕು? ಇದು ನಮ್ಮ ಊಹೆ, ಅವರ ತಲೆಯೊಳಗೆ ಯಾರೂ ಇಣುಕಿ ನೋಡಿಲ್ಲ. ಆದರೆ ಕಾಯಿಲೆ ಎನ್ನುವುದಕ್ಕಿಂತ ಈ ವಿವರಣೆ ಹೆಚ್ಚು ಹೊಂದುತ್ತದೆ.

ಲಂಗೋಟಿಯ ಸಂಸಾರ

ಒಂದು ವಸ್ತು ಇನ್ನೊಂದನ್ನು ಕರೆತರುವ ಕಥೆ ನಮ್ಮಲ್ಲಿ ಹಳೆಯದು. ಹನುಮಂತನಗರದಿಂದ ನಡೆದೇ ಹೋಗಬಹುದಾದ ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮವಿದೆಯಲ್ಲ, ಆ ಪರಮಹಂಸರು ಹೇಳುತ್ತಿದ್ದ ದೃಷ್ಟಾಂತಗಳಲ್ಲಿ ಇದೂ ಒಂದು. ಸನ್ಯಾಸಿಯ ಲಂಗೋಟಿಯನ್ನು ಇಲಿ ಕಡಿಯಿತು. ಇಲಿಗೆಂದು ಬೆಕ್ಕು, ಬೆಕ್ಕಿನ ಹಾಲಿಗೆಂದು ಹಸು, ಹಸುವಿನ ಮೇವಿಗೆಂದು ಹೊಲ. ಗುರು ಮರಳಿ ಬಂದು ನೋಡಿದರೆ ಅಲ್ಲೊಂದು ದೊಡ್ಡ ಸಂಸಾರವೇ ಬೆಳೆದಿತ್ತು.

ಫ್ರಾನ್ಸಿನ ಲೇಖಕ ಡೆನಿ ದಿದೆರೊ 1769ರಲ್ಲಿ ಹೆಚ್ಚುಕಡಿಮೆ ಇದನ್ನೇ ತನ್ನ ನಿಲುವಂಗಿಯ ನೆಪದಲ್ಲಿ ಬರೆದ. ಹೊಸ ನಿಲುವಂಗಿ ಬಂದ ಮೇಲೆ ಕೋಣೆಯ ಹಳೆಯ ಸಾಮಾನೆಲ್ಲ ಅದಕ್ಕೆ ಸರಿಹೊಂದದೆ ಒಂದೊಂದಾಗಿ ಬದಲಾದವು. 1988ರಲ್ಲಿ ಗ್ರಾಂಟ್ ಮೆಕ್‌ಕ್ರ್ಯಾಕೆನ್ ಎಂಬ ಮಾನವಶಾಸ್ತ್ರಜ್ಞ ಇದಕ್ಕೆ ‘ದಿದೆರೊ ಪರಿಣಾಮ’ ಎಂದು ಹೆಸರಿಟ್ಟ. ಗಿಟಾರ್ ವಾದಕರಿಗೂ ಕ್ಯಾಮೆರಾ ಹುಚ್ಚಿನವರಿಗೂ ಇದೇ ಗತಿ. ನಮ್ಮ ಓದುಗರಿಗೂ ಅಷ್ಟೇ: ಹೊಳೆಯುವ ರೇಜರ್ ಬಂದ ಮೇಲೆ ಪ್ಲಾಸ್ಟಿಕ್ ಹಿಡಿಯ ಬ್ರಶ್ ಕಣ್ಣಿಗೆ ಚುಚ್ಚಿತು, ಒಳ್ಳೆಯ ಬ್ರಶ್ ಬಂದ ಮೇಲೆ ಸ್ಟೀಲ್ ಲೋಟ ಸಪ್ಪೆ ಎನಿಸಿತು.

ಇದರಲ್ಲಿ ವ್ಯಾಪಾರದ ಕಡೆಯೂ ಒಂದಿದೆ. ಕಿಂಗ್ ಕ್ಯಾಂಪ್ ಜಿಲೆಟ್‌ನ ಕಂಪನಿ 1903ರಲ್ಲಿ, ಮಾರಾಟದ ಮೊದಲ ವರ್ಷ, ಮಾರಿದ್ದು 51 ರೇಜರ್ ಮತ್ತು 168 ಬ್ಲೇಡ್ ಮಾತ್ರ. ಕಂಪನಿ ಬೆಳೆದದ್ದು, ರೇಜರ್ ಒಮ್ಮೆ ಕೊಂಡವರು ಬ್ಲೇಡನ್ನು ಮತ್ತೆ ಮತ್ತೆ ಕೊಳ್ಳುತ್ತಾರೆ ಎಂಬ ಲೆಕ್ಕದ ಮೇಲೆ. ಲೋಹದ ರೇಜರ್ ತಲೆಮಾರು ದಾಟಿ ಬಾಳುತ್ತದೆ. ಎರಡು ಅಂಚಿನ ಬ್ಲೇಡ್ ಇವತ್ತಿಗೂ ಕೆಲವೇ ರೂಪಾಯಿ. ಇಂಥ ಗಿರಾಕಿಯಿಂದ ಅಂಗಡಿಗೆ ಏನು ಲಾಭ? ಎರಡನೆಯ, ಮೂರನೆಯ ರೇಜರ್ ಮಾರಬೇಕು. ಹಳೆಯ ಕಾಲದ ಸರಳ ಶೇವಿಂಗ್ ಎಂಬ ಹೆಸರಿನಲ್ಲೇ ಸಾವಿರಾರು ರೂಪಾಯಿಯ ಸೆಟ್ ಮಾರುವುದು ನಮಗಂತೂ ತಮಾಷೆಯಾಗಿ ಕಾಣುತ್ತದೆ.

ಮುಖಕ್ಕೆ ಬೇಕಾದದ್ದು

ಗಡ್ಡಕ್ಕೆ ಮುಖ್ಯವಾಗಿ ಬೇಕಿರುವುದು ನೀರು. ನೀರು ಹೀರಿದ ಕೂದಲನ್ನು ಕತ್ತರಿಸಲು ಒಣ ಕೂದಲಿಗಿಂತ ಬಹಳ ಕಡಿಮೆ ಬಲ ಸಾಕು, ಅದಕ್ಕೆ ಎರಡು ಮೂರು ನಿಮಿಷ ನೆನೆದರೆ ಆಯಿತು. ಸ್ನಾನವಾದ ಮೇಲೆ ಶೇವ್ ಮಾಡಿ ಎಂದು ಚರ್ಮವೈದ್ಯರು ಹೇಳುವುದು ಇದಕ್ಕೇ. ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ, ಒತ್ತಬೇಡಿ, ಐದರಿಂದ ಏಳು ಶೇವ್‌ಗೆ ಬ್ಲೇಡ್ ಬದಲಿಸಿ ಎನ್ನುವುದೂ ಅವರದೇ ಸಲಹೆ.

ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಾದ ಉಕ್ಕು ಅದೇ ಕೂದಲಿನಿಂದ ಮೊಂಡಾಗುವುದಾದರೂ ಹೇಗೆ? ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅಂಚು ನಿಧಾನವಾಗಿ ಸವೆಯುವುದಕ್ಕಿಂತ, ಬಾಗಿದ ಕೂದಲು ತಾಗಿದ ಕಡೆ ಸೂಕ್ಷ್ಮವಾದ ಚೂರುಗಳು ಎದ್ದುಹೋಗುತ್ತವೆ. ಬ್ಲೇಡನ್ನು ಬೆಳ್ಳಿ ಡಬ್ಬಿಯಲ್ಲಿಟ್ಟರೂ ಎದ್ದ ಚೂರು ಮರಳಿ ಕೂಡುವುದಿಲ್ಲ. ಇನ್ನು ಬೋಳಿಸಿದರೆ ಗಡ್ಡ ದಟ್ಟವಾಗುತ್ತದೆ ಎಂಬ ಮಾತು ಸುಳ್ಳೆಂದು 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಅಳೆದು ತೋರಿಸಿದ್ದರು. ಅದು ಇನ್ನೂ ಫಾರ್ವರ್ಡ್ ಆಗುತ್ತಲೇ ಇದೆ.

ನಮ್ಮ ಬಡಾವಣೆಗಳ ಯಾವುದೇ ಸಣ್ಣ ಸಲೂನಿಗೆ ಹೋಗಿ ನೋಡಿ. ಒಂದು ಕತ್ತಿ, ಪ್ರತಿ ಗಿರಾಕಿಗೂ ಎರಡು ಹೋಳಾಗಿ ಮುರಿದ ಹೊಸ ಬ್ಲೇಡಿನ ಅರ್ಧ, ಒಂದು ಬ್ರಶ್, ನೀರಿನ ಬಾಟಲಿ, ಕೊನೆಗೆ ಉಜ್ಜಲು ಸ್ಫಟಿಕದ ಕಲ್ಲು. ಇಷ್ಟರಲ್ಲೇ ದಿನವಿಡೀ ಕೆಲಸ ನಡೆಯುತ್ತದೆ. ಸಾಮಾನು ಬದಲಾಗುವುದಿಲ್ಲ, ಕೈ ಮಾತ್ರ ಪಳಗುತ್ತ ಹೋಗುತ್ತದೆ.

ಹಾಗೆಂದು ನಮ್ಮ ಓದುಗರ ಎರಡು ವರ್ಷ ದಂಡವಾಯಿತು ಎನ್ನಲಾರೆವು. ಯಾವ ಕೋನದಲ್ಲಿ ಹಿಡಿಯಬೇಕು, ತಮ್ಮ ಚರ್ಮಕ್ಕೆ ಯಾವ ಬ್ಲೇಡ್ ಒಗ್ಗುತ್ತದೆ ಎಂಬುದು ಅವರಿಗೆ ಗೊತ್ತಾದದ್ದು ಹೋಲಿಸಿ ನೋಡಿದ್ದರಿಂದಲೇ. ಮೂರನೆಯದರಲ್ಲೇ ಗೊತ್ತಾಗಬಹುದಿತ್ತು ಎಂದು ಅವರ ಮನೆಯವರು ಹೇಳುತ್ತಾರಂತೆ.

ನಿಜವಾಗಿ ಗಮನಿಸಬೇಕಾದದ್ದು

ಫಾರ್ವರ್ಡ್‌ನ ಅಪಾಯ ಇರುವುದು ಇಲ್ಲಿ. ಆಸೆ ಇಳಿದವರನ್ನು ಅದು ಹೆದರಿಸುತ್ತದೆ, ನಿಜವಾಗಿ ಕಾಯಿಲೆಯಾದವರ ಕೈಗೆ ಬಾಳೆಹಣ್ಣು ಕೊಟ್ಟು ಕಳಿಸುತ್ತದೆ.

ಕೊಳ್ಳಬೇಕೆನಿಸದಿರುವುದು ರೋಗಲಕ್ಷಣವಲ್ಲ. ಆದರೆ ಮಾಡುತ್ತಿರುವಾಗಲೂ ಖುಷಿ ಸಿಗದಿದ್ದರೆ ಮಾತು ಬೇರೆ. ಶೇವಿಂಗ್ ಇರಲಿ, ಕಾಫಿ, ಹಾಡು, ಮಕ್ಕಳ ಮಾತು ಯಾವುದೂ ಹಿತವೆನಿಸದೆ ಹೆಚ್ಚುಕಡಿಮೆ ಪ್ರತಿದಿನ ಎರಡು ವಾರ ಕಳೆದರೆ, ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ಊರಿನ ನಿಮ್ಹಾನ್ಸ್.

ಇನ್ನೊಂದು ತುದಿಯೂ ಇದೆ. ಸಾಲ ಮಾಡಿ ಕೊಳ್ಳುವುದು, ಪಾರ್ಸೆಲನ್ನು ಮನೆಯವರಿಂದ ಬಚ್ಚಿಡುವುದು, ಬೇಡವೆಂದುಕೊಂಡರೂ ನಿಲ್ಲಿಸಲಾಗದಿರುವುದು. ಇದನ್ನು ಹವ್ಯಾಸ ಎನ್ನಲಾಗದು, ಇದಕ್ಕೂ ಅದೇ ಸಂಖ್ಯೆಗೆ ಕರೆ ಮಾಡಬಹುದು.

ನಮ್ಮ ಓದುಗರು ಈ ಎರಡು ತುದಿಗಳಲ್ಲೂ ಇಲ್ಲ. ಅವರು ತಂದೆಯ ರೇಜರ್ ಮತ್ತು ಇನ್ನೊಂದನ್ನು ಇಟ್ಟುಕೊಂಡು ಉಳಿದವನ್ನು ಕೊಟ್ಟುಬಿಡುತ್ತಾರಂತೆ. ಲೋಹದ ರೇಜರನ್ನು ಉಜ್ಜಿ ತೊಳೆದು ಸೋಂಕುನಾಶಕದಲ್ಲಿ ಅದ್ದಿ ಕೊಡಬಹುದು. ಬಳಸಿದ ಬ್ಲೇಡನ್ನು ಯಾರಿಗೂ ಕೊಡಬಾರದು, ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಬಲ್ಲದು. ಹಳೆಯ ಬ್ಲೇಡುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು, ಕಾಗದ ಸುತ್ತಿ, ಮೇಲೆ ‘ಬ್ಲೇಡ್’ ಎಂದು ದಪ್ಪಕ್ಷರದಲ್ಲಿ ಬರೆದು ಬೇರೆಯಾಗಿ ಕೊಡಿ. ಕಸ ವಿಂಗಡಿಸುವವರ ಕೈ ಉಳಿಯುತ್ತದೆ.

ಅವರ ಬಳಿ ಇನ್ನೂ ತೆರೆಯದ 400 ಬ್ಲೇಡುಗಳಿವೆ. ಒಂದು ಬ್ಲೇಡಿಗೆ ಐದು ಶೇವ್, ವಾರಕ್ಕೆ ನಾಲ್ಕು ಶೇವ್ ಎಂದರೆ 500 ವಾರ, ಒಂಬತ್ತೂವರೆ ವರ್ಷ. ಲೆಕ್ಕ ಹಾಕಿ ಕಳಿಸಿದೆವು. ಅಷ್ಟರಲ್ಲಿ ಮಗನಿಗೂ ಮೀಸೆ ಬಂದಿರುತ್ತದೆ ಬಿಡಿ ಎಂದು ಉತ್ತರ ಬಂತು.