ಮಂಗಳೂರಿನ ಎಣಿಕೆ, ಲೋಕದ ಉಲ್ಲೇಖ

ಮಲ್ಟಿಪಲ್ ಸ್ಕ್ಲೆರೋಸಿಸ್ ಮಿದುಳು ಮತ್ತು ಬೆನ್ನುಹುರಿಯ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೇಲಿನ ಮೈಲಿನ್ ಪೊರೆಯನ್ನು ಹಾಳುಗೆಡವುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಕೆಲವು ವಾರಗಳಲ್ಲಿ ತಹಬಂದಿಗೆ ಬಂದಂತಾಗಿ ಮುಂದೆಂದೋ ಮತ್ತೆ ಮರುಕಳಿಸುತ್ತದೆ. ಪ್ಯಾರಿಸ್ಸಿನ ಶಾರ್ಕೋ 1868ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಚಳಿ ದೇಶಗಳ ರೋಗವೆಂಬ ತಿಳಿವಳಿಕೆಯೇ ಗಟ್ಟಿಯಾಗಿತ್ತು. ಭಾರತದಲ್ಲಿ ಲಕ್ಷಕ್ಕೆ ಒಬ್ಬಿಬ್ಬರಿಗೆ ಇರಬಹುದೆಂಬ 1980ರ ದಶಕದ ಅಂದಾಜು ಮತ್ತು ಮುಂಬೈ, ಪುಣೆಯ ಪಾರ್ಸಿಗಳಲ್ಲಿ ಇದು ಹೆಚ್ಚೆಂಬ ಮಾಹಿತಿ ಬಹುಕಾಲ ಉಲ್ಲೇಖಗೊಳ್ಳುತ್ತ ಬಂದವು.

ಈ ತಿಳಿವಳಿಕೆಯನ್ನು ತಿದ್ದಿದವರಲ್ಲಿ ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಪ್ರಮುಖರು. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಅವರು ಕಟ್ಟಿದ ರೋಗಿಗಳ ದಾಖಲಾತಿಯೇ ಅವರ ಪ್ರಬಂಧಗಳ ಬೇರು. ಇಂಥ ದಾಖಲಾತಿಯಲ್ಲಿ ಒಬ್ಬೊಬ್ಬ ರೋಗಿಗೂ ದೃಷ್ಟಿ ಮೊದಲು ಮಂಜಾದದ್ದು ಯಾವಾಗ, ಎಂಆರ್‌ಐಯಲ್ಲಿ ಕಲೆ ಕಂಡದ್ದು ಎಲ್ಲಿ, ರಕ್ತದಲ್ಲಿ ಪ್ರತಿಕಾಯ ಇತ್ತೇ, ಯಾವ ಔಷಧ ಕೊಟ್ಟರು, ಕಾಯಿಲೆ ಮರುಕಳಿಸಿದ್ದು ಎಷ್ಟು ದಿನಕ್ಕೆ ಎಂಬುದೆಲ್ಲ ವರ್ಷಗಟ್ಟಲೆ ಬಿಡದೆ ಸೇರುತ್ತ ಹೋಗಬೇಕು. ಮುಂದೆ ಪ್ರಶ್ನೆ ಕೇಳಲು ಸಾಧ್ಯವಾಗುವುದು ಆಗಲೇ.

2011ರಲ್ಲಿ ಅವರು ಕೇಂಬ್ರಿಜ್‌ನ ಸಂಶೋಧಕರ ಜೊತೆ ಪ್ರಕಟಿಸಿದ ಪ್ರಬಂಧವೊಂದು, ಯುರೋಪಿನಲ್ಲಿ ಈ ರೋಗದ ಅಪಾಯ ಹೆಚ್ಚಿಸುವ ಜೀನ್‌ಗಳೆಂದು ಗುರುತಿಸಿದವನ್ನು ಭಾರತೀಯ ರೋಗಿಗಳಲ್ಲಿ ಪರಿಶೀಲಿಸಿತು. 2014ರಲ್ಲಿ ಬಂದದ್ದು ಮಂಗಳೂರು ನಗರದ ಎಣಿಕೆ: ಲಕ್ಷ ಜನರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರು ಸುಮಾರು 8, ಅದನ್ನೇ ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾ ಇದ್ದವರು 2.6. ಕೆಲವೇ ಪುಟಗಳ ಚಿಕ್ಕ ಬರಹ ಅದು. ಆದರೂ ನ್ಯೂರೋಮೈಲೈಟಿಸ್ ಆಪ್ಟಿಕಾ ಎಲ್ಲೆಲ್ಲಿ ಎಷ್ಟಿದೆ ಎಂದು ಪಟ್ಟಿ ಮಾಡುವ ಜಾಗತಿಕ ಸಮೀಕ್ಷೆಗಳಲ್ಲಿ ಮಂಗಳೂರಿನ ಹೆಸರು ಮತ್ತೆ ಮತ್ತೆ ಬರುವುದು ಅದರಿಂದಲೇ. ಮರುವರ್ಷ, 2015ರಲ್ಲಿ, ಡೆನ್ಮಾರ್ಕ್, ಥಾಯ್ಲೆಂಡ್, ಬ್ರಿಟನ್, ಜರ್ಮನಿ, ಅಮೆರಿಕದ ತಜ್ಞರು ಕೂಡಿ ಈ ಎರಡನೆಯ ಕಾಯಿಲೆಯ ಬಗ್ಗೆ ಬರೆದ ವಿಮರ್ಶಾ ಪ್ರಬಂಧಕ್ಕೆ ಮೊದಲ ಲೇಖಕಿ ಲೇಖಾ ಪಂಡಿತ್. ಮಂಗಳೂರಿನಲ್ಲಿ ಕೂತು ಈ ಸ್ಥಾನ ಗಳಿಸಿದ್ದು ದೊಡ್ಡ ಮಾತು.

ಸಂಶೋಧಕರ ಪ್ರಭಾವ ಅಳೆಯಲು ಇಂದು ಚಾಲ್ತಿಯಲ್ಲಿರುವ ಅಳತೆಗೋಲು, 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಎಚ್-ಇಂಡೆಕ್ಸ್. ಒಬ್ಬರ ಕನಿಷ್ಠ 20 ಪ್ರಬಂಧಗಳನ್ನು ಬೇರೆ ಪ್ರಬಂಧಗಳು ತಲಾ 20 ಬಾರಿಯಾದರೂ ಉಲ್ಲೇಖಿಸಿದ್ದರೆ ಅವರ ಸೂಚ್ಯಂಕ 20 ಮುಟ್ಟುತ್ತದೆ. ಉಲ್ಲೇಖಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳಲ್ಲಿ ಒಂದು, ರೋಗಿಯ ಅಂಗವೈಕಲ್ಯವನ್ನು 0ಯಿಂದ 10ರವರೆಗೆ ಅಳೆಯುವ ಮಾಪಕವನ್ನು ವಿವರಿಸಿದ ಕುರ್ಟ್ಸ್ಕೆ ಅವರ 1983ರ ಪ್ರಬಂಧ. ಇನ್ನೊಂದು ಬಗೆ, 2001ರ ಮೆಕ್‌ಡೊನಾಲ್ಡ್ ರೋಗನಿರ್ಣಯ ಸೂತ್ರಗಳು ಮತ್ತು ಅವುಗಳ ಪರಿಷ್ಕರಣೆಗಳು. ಮುಂದಿನ ಪ್ರತಿಯೊಂದು ಅಧ್ಯಯನಕ್ಕೂ ಅವು ಬೇಕೇ ಬೇಕು, ಹಾಗಾಗಿ ಉಲ್ಲೇಖ ತಾನಾಗಿ ಬರುತ್ತದೆ. ರೋಗಿಗಳು ವಿರಳವಾಗಿರುವ ದೇಶದಿಂದ ಬಂದ ಎಣಿಕೆಗೆ ಆ ಅನುಕೂಲವಿಲ್ಲ. ಅದನ್ನು ಓದುವ ಬಳಗವೇ ಚಿಕ್ಕದು. ಆದ್ದರಿಂದ ಕುರ್ಟ್ಸ್ಕೆಯ ಉಲ್ಲೇಖಗಳ ಸಂಖ್ಯೆಯ ಪಕ್ಕದಲ್ಲಿ ಮಂಗಳೂರಿನ ಪ್ರಬಂಧದ ಸಂಖ್ಯೆಯನ್ನಿಟ್ಟು ತೂಗುವುದು ಸರಿಯಲ್ಲ. ಯಾರು, ಯಾವ ಮಾತಿಗೆ ಆಧಾರವಾಗಿ ಉಲ್ಲೇಖಿಸಿದರು ಎಂದು ನೋಡಬೇಕು. ದಾಖಲಾತಿಗೆ ಸುರಿದ ವರ್ಷಗಳ ದುಡಿಮೆಯಂತೂ ಯಾವ ಸೂಚ್ಯಂಕಕ್ಕೂ ಸಿಗುವುದಿಲ್ಲ.

ಮಂಗಳೂರಿನ ಎಣಿಕೆಯಲ್ಲಿ ಬಂದ ಎರಡು ಕಾಯಿಲೆಗಳನ್ನು ಬೇರ್ಪಡಿಸುವ ಕೆಲಸ ಬರೀ ವಿದ್ವತ್ತಿನದಲ್ಲ. ನ್ಯೂರೋಮೈಲೈಟಿಸ್ ಆಪ್ಟಿಕಾದ ಗುರುತಾದ ಪ್ರತಿಕಾಯವನ್ನು 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ತಂಡ ವರದಿ ಮಾಡಿತು. ಅದು ಅಕ್ವಾಪೊರಿನ್-4 ಎಂಬ ಪ್ರೋಟೀನಿನ ಮೇಲೆರಗುತ್ತದೆಂದು ಮರುವರ್ಷ ಗೊತ್ತಾಯಿತು. ಭಾರತೀಯ ರೋಗಿಗಳಲ್ಲಿ ಈ ಪ್ರತಿಕಾಯವನ್ನು ಹುಡುಕುವ ರಕ್ತಪರೀಕ್ಷೆಯ ಮೇಲೂ ಮಂಗಳೂರಿನ ತಂಡ ಪ್ರಬಂಧಗಳನ್ನು ಪ್ರಕಟಿಸಿದೆ.

ಕಾರಟಗಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳಿಗೆ ಒಂದು ಕಣ್ಣು ಮಂಜಾಗಿ, ತಿಂಗಳೊಪ್ಪತ್ತಿನಲ್ಲಿ ಎರಡೂ ಕಾಲು ಸೋತವೆನ್ನಿ. ಗಂಗಾವತಿಯ ಕಣ್ಣಿನ ದವಾಖಾನೆಯಿಂದ ಕೊಪ್ಪಳಕ್ಕೋ ಬಳ್ಳಾರಿಗೋ ಹೋಗಿ ಎಂಆರ್‌ಐ ಮಾಡಿಸಿದರೂ ಕಾಯಿಲೆ ಎರಡರಲ್ಲಿ ಯಾವುದೆಂದು ಚಿತ್ರವೊಂದರಿಂದಲೇ ಯಾವಾಗಲೂ ಬಗೆಹರಿಯುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೊಲಿಮಾಡ್‌ನಂಥ ಔಷಧಗಳು ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಉಲ್ಬಣಿಸಬಲ್ಲವು. ಅದಕ್ಕೆ ಬೇಕಾದವು ಅಜಥಯೋಪ್ರಿನ್, ರಿಟುಕ್ಸಿಮ್ಯಾಬ್‌ನಂಥವು. ಅಲ್ಲಿನ ವೈದ್ಯರು ಔಷಧದ ಚೀಟಿ ಬರೆಯುವ ಮೊದಲು ಪ್ರತಿಕಾಯದ ಪರೀಕ್ಷೆಗೆ ರಕ್ತ ಕಳಿಸಬೇಕು. ಈ ಎರಡನೆಯ ಕಾಯಿಲೆ ನಮ್ಮ ಕಡೆ ಎಣಿಕೆಗೆ ಸಿಗುವಷ್ಟು ಇದೆಯೆಂಬುದಕ್ಕೆ 2014ರ ಆ ಪುಟಗಳು ಅವರಿಗೆ ಆಧಾರ.